ದೋಣಿಯ ಸ್ವಿಚ್ಚು, ಕಾರಿನ ದೀಪ

ಗುಲ್ವಾಡಿಯ ಅಕ್ಕನ ಮನೆಯಂಗಳದಲ್ಲಿ ಆ ಬೆಳಿಗ್ಗೆ ಎರಡು ವಾಹನಗಳಿದ್ದವು. ಒಂದು ಅಕ್ಕನ ಹಳೆಯ ಕಾರು. ಇನ್ನೊಂದು, ಅದನ್ನು ಎಳೆದೊಯ್ಯಲು ಹಾಲಾಡಿಯಿಂದ ಬಂದಿದ್ದ ಗುಜರಿಯವನ ಪಿಕಪ್. ಮಧ್ಯಾಹ್ನದ ಊಟದೊಳಗೆ ಹೆಡ್‌ಲೈಟ್ ಹೊತ್ತಿದರೆ ಕಾರು ಮರುದಿನ ನೋಂದಣಿ ನವೀಕರಣದ ತಪಾಸಣೆಗೆ ಹೋಗಬೇಕು, ಹೊತ್ತದಿದ್ದರೆ ಗುಜರಿಗೆ. ಇದು ಅಕ್ಕನ ತೀರ್ಮಾನ. ತಪಾಸಣೆಯನ್ನು ಹಿಂದೆ ಎರಡು ಸಲ ಮುಂದೂಡಿದ್ದೆವು.

"ಇನ್ನೊಂದ್ ಸಲ ಕಾಂಬ ಅಂದ್ರೆ ನಾ ಕೇಂಬುದಿಲ್ಲ ತಮ್ಮ" ಎಂದಿದ್ದಳು.

ಕಾರು ಕೊಂಡದ್ದು ಭಾವ. ಓಡಿಸಿದ್ದು ಅಕ್ಕ. ಬ್ರಹ್ಮಾವರದ ಸಂತೆಗೂ ಬೈಂದೂರಿನ ನೆಂಟರ ಮನೆಗೂ ಅವಳೇ ಸ್ಟೀರಿಂಗ್ ಹಿಡಿದು ಹೋಗುತ್ತಿದ್ದಳು. ಈಗ ಎಂಜಿನ್, ಬ್ರೇಕು, ಸೀಟು ಎಲ್ಲ ಸರಿಯಾಗಿತ್ತು. ಬಾಕಿ ಉಳಿದದ್ದು ಹೆಡ್‌ಲೈಟಿನ ಸ್ವಿಚ್ಚು ಮಾತ್ರ. ಗುಂಡಿ ಹಿಡಿದು ಒಮ್ಮೆ ಎಳೆದರೆ ಸಣ್ಣ ದೀಪ, ಇನ್ನೊಮ್ಮೆ ಎಳೆದರೆ ದೊಡ್ಡ ದೀಪ. ಅದರೊಳಗಿನ ಬೇಕಲೈಟಿನ ಬಿಲ್ಲೆ ಪುಡಿಯಾಗಿತ್ತು.

ಕುಂದಾಪುರದ ಬಿಡಿಭಾಗದ ಅಂಗಡಿಯವರು ಅದನ್ನು ಅಂಗೈಯಲ್ಲಿ ಹೊರಳಿಸಿ, "ಹ್ವಾಯ್, ಇದ್ ಕಾರಿಂದಾ, ರೇಡಿಯೋದ್ದಾ?" ಎಂದು ಕೇಳಿದರು. ಬ್ರಹ್ಮಾವರದಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ಕಿನ ಚೌಕ ಸ್ವಿಚ್ಚು. ನಮ್ಮ ಡ್ಯಾಶ್‌ಬೋರ್ಡಿನ ತೂತು ದುಂಡು. ಕೊನೆಗೆ ಉಪ್ಪುಂದದಲ್ಲಿ ದೋಣಿಗಳಿಗೆ ವಯರಿಂಗ್ ಮಾಡುವವನೊಬ್ಬ, ಒಡೆದು ಹಾಕಿದ ಹಳೆಯ ದೋಣಿಯಿಂದ ಹಿತ್ತಾಳೆಯ ಸ್ವಿಚ್ಚೊಂದನ್ನು ಬಿಚ್ಚಿ, ಜೋಡಿಸಿಕೊಡಲು ಆ ಬೆಳಿಗ್ಗೆ ತಾನೇ ಮನೆಗೆ ತಂದ. ಅದಕ್ಕೂ ಎರಡು ಎಳೆತ. ನಟ್ಟು ಕೂರುವ ಕತ್ತು ಸಹ ನಮ್ಮ ತೂತಿಗೆ ಸರಿಯಾಗಿ ಕೂತಿತು.

ನಾನು ಸರ್ವಿಸು ಪೂರ್ತಿ ಬಸ್ ಡಿಪೋದಲ್ಲಿ ಕಳೆದವನು. ವಯರು ಮುಟ್ಟುವ ಮೊದಲು ಬ್ಯಾಟರಿಯ ಕೇಬಲ್ ತೆಗೆಯಬೇಕು. ಕೆಲಸ ಮುಗಿದು ಪರೀಕ್ಷೆಯಾಗುವವರೆಗೆ ಅದನ್ನು ಸ್ಪಾನರಿನಲ್ಲಿ ಬಿಗಿಯಬಾರದು. ಅಂದೂ ಹಾಗೆಯೇ, ಬೇಕಾದರೆ ತಕ್ಷಣ ಕೀಳಲು ಬರುವಂತೆ, ಕೇಬಲ್ಲನ್ನು ಕೈಯಲ್ಲಿ ಒತ್ತಿ ಕೂರಿಸಿದ್ದೆ. ವಯರಿನವನು ಸ್ವಿಚ್ಚನ್ನು ಕೈಯಲ್ಲೇ ಹಿಡಿದು ಎಳೆದ. ದೀಪ ಹೊತ್ತಿತು.

"ಕಾಣಿ ಮಾರಾಯ್ರೆ, ಎಂತಾ ಬೆಳ್ಕ್!" ಎಂದ.

ಗುಜರಿಯವನು ಜಗಲಿಯಿಂದ ಕೂಗಿದ: "ಕೈಯಂಗೆ ಹಿಡ್ಕಂಡೇ ತಪಾಸಣೆಗ್ ಹೋತ್ರ್ಯಾ?"

ವಯರಿನವನು ಸ್ವಿಚ್ಚನ್ನು ತೂತಿಗೆ ಸೇರಿಸಿ ನಟ್ಟು ಬಿಗಿದ. ಅಕ್ಕ ಬಂದು ಚಾಲಕನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಬಾಗಿಲಿನ ಒಳಹಿಡಿಕೆ ಪಾಲಿಶಿಗೆ ಹೋಗಿರುವುದು ಆ ಕ್ಷಣ ಯಾರಿಗೂ ನೆನಪಾಗಲಿಲ್ಲ. ಅವಳು ಗುಂಡಿ ಎಳೆದಳು.

ಚಟ್ ಎಂದಿತು. ಡ್ಯಾಶ್‌ಬೋರ್ಡಿನ ಅಡಿಯಿಂದ ಕಪ್ಪು ಹೊಗೆ ಎದ್ದಿತು. ಆ ಕಾಲದ ಕಾರಿನ ಹೆಡ್‌ಲೈಟಿಗೆ ಫ್ಯೂಸ್ ಇಲ್ಲ, ಉರಿಯುವುದು ವಯರೇ. ಅಕ್ಕ ಬಾಗಿಲಲ್ಲಿ ಹಿಡಿಕೆ ಹುಡುಕುತ್ತಿದ್ದಳು, ಕೈ ಬರಿಯ ತಗಡಿನ ಮೇಲೆ ಓಡಾಡುತ್ತಿತ್ತು. ನಾನು ಬಾನೆಟ್ಟಿನ ಬಳಿಯೇ ನಿಂತಿದ್ದೆ. ಕೇಬಲ್ ಕಿತ್ತೆ. ವಯರಿನವನು ಹೊರಗಿನಿಂದ ಬಾಗಿಲು ತೆಗೆದು ಅವಳನ್ನು ಇಳಿಸಿದ. ಅಕ್ಕ ಕೆಮ್ಮಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ಗುಜರಿಯವನು ಎದ್ದು ಕಾರು ಎಳೆಯುವ ಹಗ್ಗ ಬಿಚ್ಚತೊಡಗಿದ.

"ಎಂತಕ್ಕೆ ಹೀಂಗಾಯ್ತಾ?" ಎಂದು ಕೇಳಿದೆ.

ವಯರಿನವನು ಸ್ವಿಚ್ಚು ಬಿಚ್ಚಿ ತಿರುಗಿಸಿ ನೋಡಿ ಹಣೆ ಹೊಡೆದುಕೊಂಡ. "ದೋಣಿಗ್ ಮರದ್ ಹಲ್ಗಿ ಅಲ್ದಾ ಮಾರಾಯ್ರೆ! ಇದ್ ಕಬ್ಣ!"

ನಮ್ಮಿಬ್ಬರಿಗೂ ಹೊಳೆಯದೆ ಹೋದದ್ದು ಇಷ್ಟೆ. ಆ ಸ್ವಿಚ್ಚಿನಲ್ಲಿ ಎಳೆಯುವ ಕಡ್ಡಿಯೇ ಕರೆಂಟಿನ ದಾರಿ, ಅದರ ಕತ್ತೂ ಹಿತ್ತಾಳೆ. ಮರದ ಹಲಗೆಯಲ್ಲಿ ಅದರಿಂದ ತೊಂದರೆಯಿಲ್ಲ. ಕಾರಿನ ಕಬ್ಬಿಣದ ಮೈಯೇ ಬ್ಯಾಟರಿಯ ಇನ್ನೊಂದು ತುದಿ. ಕಡ್ಡಿ ಎಳೆದೊಡನೆ ಬ್ಯಾಟರಿಯ ಎರಡೂ ತುದಿ ಒಂದಾದವು.

ಅವನ ಚೀಲದಲ್ಲಿ ದೋಣಿಯ ಫೈಬರ್ ತುಂಡುಗಳಿದ್ದವು. ಕರೆಂಟು ಹಾಯದ ಅದರ ಬಳೆಯೊಂದನ್ನು ಕತ್ತಿಗೂ ಕಬ್ಬಿಣಕ್ಕೂ ನಡುವೆ ಕೂರಿಸಬಹುದು. ಆದರೆ ಅದಕ್ಕೆ ತೂತು ದೊಡ್ಡದಾಗಬೇಕು. ಕಾರು ಬಂದಾಗಿನಿಂದ ಆ ಡ್ಯಾಶ್‌ಬೋರ್ಡಿಗೆ ಯಾರೂ ಅರ ತಾಗಿಸಿರಲಿಲ್ಲ. ಒಮ್ಮೆ ಉಜ್ಜಿದರೆ ಹಳೆಯ ಸ್ವಿಚ್ಚು ಮುಂದೆಂದಾದರೂ ಸಿಕ್ಕರೂ ಅಲ್ಲಿ ನಿಲ್ಲುವುದಿಲ್ಲ. ನಾನು ಅರ ಹಿಡಿದು ಅಕ್ಕನನ್ನು ನೋಡಿದೆ.

"ಉಜ್ಜ್" ಎಂದಳು.

ಉಜ್ಜಿದೆ. ಕಬ್ಬಿಣದ ಪುಡಿ ಒಳಗೆ ಬೀಳದಂತೆ ಹಸಿ ಬಟ್ಟೆ ಹಿಡಿದೆ. ಸುಟ್ಟ ವಯರನ್ನು ಅವನು ಕತ್ತರಿಸಿ ಹೊಸದು ಸೇರಿಸಿದ. ಒಳಗಿನಿಂದ ಕುಚ್ಚಲಕ್ಕಿ ಅನ್ನ ಬಸಿಯುವ ವಾಸನೆ ಬಂತು.

"ಅಮ್ಮ, ಊಟದ್ ಹೊತ್ತಾಯ್ತ್" ಎಂದ ಗುಜರಿಯವನು.

"ಬಡ್ಸುಕೆ ಇನ್ನೂ ಹೊತ್ತಿತ್ತ್. ನೀವ್ ಕೂಕಣಿ."

ಬಳೆ ಕೂತಿತು. ಬ್ಯಾಟರಿಗೂ ಸ್ವಿಚ್ಚಿಗೂ ನಡುವೆ ಒಂದು ಬಲ್ಬು ಕಟ್ಟಿ, ದೀಪಗಳ ವಯರು ಬಿಚ್ಚಿಟ್ಟು, ಗುಂಡಿ ಎಳೆದು ಪರೀಕ್ಷಿಸಿದೆ. ಬಲ್ಬು ಹೊತ್ತಲಿಲ್ಲ; ಕಬ್ಬಿಣಕ್ಕೆ ಎಲ್ಲೂ ತಾಗಿಲ್ಲ ಎಂದರ್ಥ. ಎಲ್ಲವನ್ನೂ ಮತ್ತೆ ಜೋಡಿಸಿದೆವು. ನಾನು ಕಾರಿನೊಳಗೆ ಕೂರಲು ಹೊರಟಾಗ ಅಕ್ಕ ತಡೆದಳು.

"ನೀನ್ ಬ್ಯಾಟರಿ ಹತ್ರ ನಿಲ್ಲ್. ಎಳೂದ್ ನಾನೇ."

"ಅಕ್ಕ, ಬ್ಯಾಡ."

"ಬಾಗ್ಲ್ ತೆರ್ದ್ ಇಡ್ತೆ. ಸುಮ್ನಿರ್."

ಕೂತಳು. ಒಂದು ಕಾಲು ನೆಲದ ಮೇಲೇ ಇತ್ತು. ನನ್ನ ಬೆರಳುಗಳು ಕೇಬಲ್ಲಿನ ಮೇಲಿದ್ದವು. ಒಂದು ಎಳೆತ: ಸಣ್ಣ ದೀಪ. ಅವಳು ನಿಲ್ಲಿಸಿ ಮೂಗು ಎತ್ತಿ ಗಾಳಿ ಮೂಸಿದಳು. ಎರಡನೆಯ ಎಳೆತ. ಸದ್ದಿಲ್ಲ, ಹೊಗೆಯಿಲ್ಲ. ನೆತ್ತಿಯ ಬಿಸಿಲಿಗೆ ದೀಪ ಹೊತ್ತಿದ್ದೂ ತಿಳಿಯಲಿಲ್ಲ. ಕೊನೆಗೆ ಗುಜರಿಯವನೇ ಬಂದು ಬಗ್ಗಿ, ಎರಡೂ ಕೈ ಬೊಗಸೆ ಮಾಡಿ ಗಾಜಿಗೆ ನೆರಳು ಹಿಡಿದ. ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ.

"ಎರ್ಡೂ ಹೊತ್ತಿತ್ತಮ್ಮ" ಎಂದ, ಬೇಸರವನ್ನು ಅಡಗಿಸದೆ.

ಅಕ್ಕ ಗುಂಡಿ ಒಳಕ್ಕೆ ತಳ್ಳಿ ಇಳಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಹಗ್ಗ ಸುತ್ತಿ ಇಡಿ. ಉಂಡ್ಕಂಡೇ ಹೋಯ್ನಿ" ಎಂದು ಅವನಿಗೆ ಹೇಳಿ ಎಲೆ ಹಾಕಲು ಒಳಗೆ ನಡೆದಳು. ನಾನು ಸ್ಪಾನರ್ ತೆಗೆದುಕೊಂಡು ಕೇಬಲ್ ಬಿಗಿದೆ.