ನಲವತ್ತೊಂದರ ಸುವರ್ಣಾಗೆ ಮೂರು ಬಣ್ಣದ ಟೈಮ್‌ಟೇಬಲ್

“ಪೇರೆಂಟ್ಸ್ ಲೋಪಲಿಕಿ ರಾಕೂಡದಮ್ಮಾ!”

ಪಾಲಕರು ಒಳಗೆ ಬರುವಂತಿಲ್ಲ ಎಂದು ತೆಲುಗಿನಲ್ಲಿ ಗದರಿದವನು ಮೆಡಿಕಲ್ ಪ್ರವೇಶ ಪರೀಕ್ಷೆಯ ಕೇಂದ್ರದ ಗೇಟ್ ಕಾಯುತ್ತಿದ್ದ ಸೆಕ್ಯುರಿಟಿ. ಗದರಿಸಿಕೊಂಡವಳು ನನ್ನ ಹೆಂಡತಿ ಸುವರ್ಣಾ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಹಾಲ್ ಟಿಕೆಟ್ ಮುಂದೆ ಹಿಡಿದಳು. ಆತ ಫೋಟೊ ನೋಡಿದ, ಮುಖ ನೋಡಿದ, ಮತ್ತೆ ಫೋಟೊ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು, “ವೆಳ್ಳಂಡಿ ಮೇಡಂ” ಎಂದು ದಾರಿ ಬಿಟ್ಟ.

ಇಂಟರ್ (ನಮ್ಮ ಕಡೆಯ ಪಿಯುಸಿ) ಮೊದಲ ವರ್ಷ ಮುಗಿಸಿದ್ದ ಮಗಳು ಅಕ್ಷತಾ, ಒಳಗೆ ಹಾಕಿಕೊಂಡು ಹೋಗುವಂತಿಲ್ಲದ ಅಮ್ಮನ ಬಳೆ ಮೂಗುತಿ ಹಿಡಿದುಕೊಂಡು ನನ್ನ ಜೊತೆ ಹೊರಗೇ ನಿಂತಳು.

ನೀವು ತಪ್ಪಾಗಿ ಓದಿಲ್ಲ. ಪರೀಕ್ಷೆ ಅಮ್ಮನದು.

ಸುವರ್ಣಾಗೆ ನಲವತ್ತೊಂದು. ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ರಾಯಚೂರಿನಲ್ಲಿ ಪಿಯುಸಿ ಮುಗಿಸಿದಾಗ ಡಾಕ್ಟರಾಗುವ ಆಸೆಯಿತ್ತು. ಅವರಪ್ಪ, “ನರ್ಸಿಂಗ್ ಸಾಕವ್ವಾ, ಲಗೂನ ನೌಕರಿ ಸಿಗ್ತೈತಿ” ಎಂದರು. ಸಿಕ್ಕಿತು ಕೂಡ. ಆ ನೌಕರಿಯೇ ಅವಳನ್ನು ಹೈದರಾಬಾದಿಗೆ ತಂದದ್ದು.

ಕಳೆದ ವರ್ಷ ಜೂನ್‌ನಲ್ಲಿ ಒಂದು ಸಂಜೆ. ಅಕ್ಷತಾ ಕಿಡ್ನಿಯ ಪಾಠ ತಲೆಗೆ ಹತ್ತದೆ ಗೊಣಗುತ್ತಿದ್ದಳು. ಸುವರ್ಣಾ ಅಡುಗೆಮನೆಯಿಂದಲೇ, ಹಿಟ್ಟು ನಾದುತ್ತ, ಇಡೀ ಪಾಠ ಬಿಡಿಸಿ ಹೇಳಿದಳು.

“ಅಮ್ಮಾ, ಈ ಮೆಡಿಕಲ್ ಪರೀಕ್ಷಾ ನೀನ ಬರೀಬೇಕಿತ್ತು ನೋಡು.”

“ಈಗ ಬರದರ ನಡೀತದೇನು?”

ನಾನು ನಕ್ಕೆ. (ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಕ್ಕದ್ದು ನಿಜ.) ಸುವರ್ಣಾ ನಗಲಿಲ್ಲ. ಮಗಳು ಮೊಬೈಲ್‌ನಲ್ಲಿ ಹುಡುಕಿ, “ಅಪ್ಪಾ, ವಯಸ್ಸಿನ ಲಿಮಿಟ್ಟ ಇಲ್ಲ!” ಎಂದು ಕೂಗಿದಳು.

ಮರುದಿನ ಫ್ರಿಜ್ ಮೇಲೆ ಟೈಮ್‌ಟೇಬಲ್ ಬಂತು, ಮಗಳು ಅಮ್ಮನಿಗೆ ಬರೆದದ್ದು. ದಿನಕ್ಕೆ ಆರು ಗಂಟೆ ಓದು. ನಾಲ್ಕೇ ದಿನದಲ್ಲಿ ಮುಗ್ಗರಿಸಿತು. ಪಾಳಿ ಬದಲಾಗುವ ನರ್ಸಿಗೆ ಒಂದೇ ಟೈಮ್‌ಟೇಬಲ್ ಹೇಗೆ ಸಾಕಾದೀತು?

ಆಗ ಹುಡುಗಿ ತಲೆ ಓಡಿಸಿದಳು. ಮೂರು ಪಾಳಿಗೆ ಮೂರು ಹಾಳೆ, ಮೂರು ಬಣ್ಣ. ನಮ್ಮ ಮನೆ ಹತ್ತಿರದ ಮೆಹದಿಪಟ್ನಂನಿಂದಲೇ ಬಸ್ಸು ಹೊರಡುವುದರಿಂದ ಸೀಟು ಗ್ಯಾರಂಟಿ, ಹಾಗಾಗಿ ಬಸ್ಸಿನಲ್ಲಿ ಕೆಮಿಸ್ಟ್ರಿ. ಬೆಳಿಗ್ಗೆ ಐದಕ್ಕೆ ಫಿಸಿಕ್ಸ್. ಭಾನುವಾರ ಮಧ್ಯಾಹ್ನ ನಿದ್ದೆ, ಕಡ್ಡಾಯ. ಮೂರೂ ಹಾಳೆಗಳ ಕೊನೆಯ ಸಾಲು ಒಂದೇ: ‘ಅಪ್ಪ – ಚಪಾತಿ, ಭಾಂಡೆ.’

ಪಾತ್ರೆ ತಿಕ್ಕಿದೆ, ಚಪಾತಿಯನ್ನೂ ಮಾಡಿದೆ. (ಚಪಾತಿ ದುಂಡಗೆ ಬರಲಿಲ್ಲ. ಯಾರೂ ಉಪವಾಸವೂ ಇರಲಿಲ್ಲ.)

ಜನವರಿಯಲ್ಲಿ ಮೊದಲ ಮಾಕ್ ಟೆಸ್ಟ್. ಫಿಸಿಕ್ಸ್‌ನಲ್ಲಿ ಮೈನಸ್ ಏಳು! ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಗೊತ್ತಲ್ಲ? ಆ ವಾರ ಸತತ ನೈಟ್ ಡ್ಯೂಟಿ ಬೇರೆ. ಅವಳ ಕಣ್ಣು ಕೆಂಪಾಗಿದ್ದವು. ನಾನೇ ಹೇಳಿದೆ:

“ಬಿಟ್ಟುಬಿಡು ಸುವರ್ಣಾ. ಯಾಕ ಇಷ್ಟು ತ್ರಾಸು ತಗೋತಿ?”

ಅವಳು ಪುಸ್ತಕ ಮುಚ್ಚಲಿಲ್ಲ. ತಲೆಯೆತ್ತಿ ಹೇಳಿದಳು: “ಇಷ್ಟು ವರ್ಷ ಎಲ್ಲಾರೂ ಪ್ರೀತಿಲೇ ಬಿಡಿಸ್ಯಾರ್ರಿ. ನೀವಾದ್ರೂ ಬಿಡಿಸಬ್ಯಾಡ್ರಿ.”

ಎದ್ದು ಚಹಾ ಇಟ್ಟೆ. ಮಾರನೆಯ ದಿನದಿಂದ ಬೆಳಿಗ್ಗೆ ಐದಕ್ಕೆ ನಾನೂ ಏಳತೊಡಗಿದೆ. ಫಿಸಿಕ್ಸ್ ನನಗೆ ಬರುವುದಿಲ್ಲ. ಗಡಿಯಾರ ನೋಡಿಕೊಂಡು “ಟೈಮ್ ಆತು” ಎನ್ನಲು ಬರುತ್ತದೆ.

ಮೇ ತಿಂಗಳ ಬಿಸಿಲಲ್ಲಿ ಆ ಗೇಟಿನ ಹೊರಗೆ ನೂರಾರು ಪಾಲಕರ ನಡುವೆ ನಿಂತಿದ್ದೆ. ಪಕ್ಕದವರೊಬ್ಬರು ಮಗನೋ ಮಗಳೋ ಎಂದು ಹಿಂದಿಯಲ್ಲಿ ಕೇಳಿದರು, “ಬೇಟಾ ಯಾ ಬೇಟಿ?”

“ಬೀವಿ” ಎಂದೆ. ಅಷ್ಟು ಗಟ್ಟಿಯಾಗಿ ನಾನು ಮದುವೆಯ ದಿನವೂ ಮಾತಾಡಿರಲಿಲ್ಲ.

ರಿಸಲ್ಟ್ ಬಂತು. ಅರ್ಹಳಾದಳು. ಸೀಟು ಸಿಗುವಷ್ಟು ರ್‍ಯಾಂಕ್ ಬರಲಿಲ್ಲ. ಮೊಬೈಲಿನಲ್ಲಿ ಒಂದೊಂದು ವಿಷಯದ ಅಂಕವನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಮಗಳತ್ತ ತಿರುಗಿ, “ಬಯಾಲಜಿ ನೋಡು, ಎಷ್ಟು ಬಂದಾವ! ಫಿಸಿಕ್ಸ್ ಪ್ಲಸ್ಸಿಗೆ ಬಂದೈತಿ!” ಎಂದು ನಕ್ಕಳು. ಅವಳ ನಗು ನೋಡಿ ಮಗಳು ಅತ್ತಳು.

ಸಂಜೆ ಡ್ಯೂಟಿಯಿಂದ ಬಂದವಳೇ ಫ್ರಿಜ್ ಮುಂದೆ ನಿಂತು ಮೂರೂ ಹಾಳೆಗಳ ಫೋಟೊ ತೆಗೆದಳು. ವಾರ್ಡಿನ ಇಬ್ಬರು ನರ್ಸುಗಳು ತಮಗೂ ಬೇಕೆಂದು ಕೇಳಿದ್ದರಂತೆ. ಮುಂದಿನ ವರ್ಷದ ಪರೀಕ್ಷೆಗೆ ಸುವರ್ಣಾಗೂ ಹೊಸ ಹಾಳೆ ಬೇಕಂತೆ, ಈ ಸಲ ಫಿಸಿಕ್ಸ್‌ಗೆ ಎರಡು ಗಂಟೆ.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, “ಮತ್ತೊಂದು ವರ್ಷಾನಾ? ಹುಚ್ಚು ಬಿಡ್ರಿ” ಎಂದರು. ಅವರ ಮಗ ಈಗ ಇದೇ ಪರೀಕ್ಷೆಗೆ ಎರಡನೇ ಸಲ ತಯಾರಿ ನಡೆಸಿದ್ದಾನೆ.

ಹತ್ತೊಂಬತ್ತರ ಹುಡುಗ ಮತ್ತೊಂದು ವರ್ಷ ಓದಲು ಕೂತರೆ ಅದಕ್ಕೆ ‘ಲಾಂಗ್ ಟರ್ಮ್’ ಎಂಬ ಗೌರವದ ಹೆಸರಿದೆ. ನಲವತ್ತೊಂದರ ಹೆಂಗಸು ಕೂತರೆ ಮಾತ್ರ ಹುಚ್ಚು ಹೇಗಾಗುತ್ತದೆ?