ಹೊಟ್ಟೆ ಆಪರೇಷನ್ನು, ಅವ್ವನ ಹರಳೆಣ್ಣೆ

ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಅಜ್ಜಿ ಎದ್ದು ನನಗೆ ಸೀಟು ಬಿಟ್ಟುಕೊಟ್ಟಳು. ಎಷ್ಟು ತಿಂಗಳು ಅಂತಲೂ ಕೇಳಿದಳು.

ನನ್ನ ಕೊನೆಯ ಅವಳಿ ಮಕ್ಕಳು ಆಗಲೇ ಸ್ಕೂಲಿಗೆ ಹೋಗುತ್ತಿದ್ದವು. ಸುಮ್ಮನೆ ಕೂತುಕೊಂಡೆ. ಸಿಕ್ಕಿದ ಸೀಟು ಬಿಡುವಷ್ಟು ಸ್ವಾಭಿಮಾನ ನನಗಿರಲಿಲ್ಲ.

ಎಂಬತ್ತರ ದಶಕದ ಮಾತು. ನಾಲ್ಕು ಹೆತ್ತ ಮೇಲೆ ಹೊಟ್ಟೆ ಜೋತುಬಿದ್ದಿತ್ತು, ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟು ಗಂಟು. ತಿಗನಾರೆಯ ನಮ್ಮ ಹೊಲದಲ್ಲಿ ಬಗ್ಗಿ ಕಳೆ ಕೀಳಲು ಆಗುತ್ತಿರಲಿಲ್ಲ. ನಾಚಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೈಸೂರಿನ ಡಾಕ್ಟರು ಹರ್ನಿಯಾ ಅಂದರು. ಇನ್ನು ಮಕ್ಕಳು ಬೇಡ ಅನ್ನುವುದಾದರೆ, ಅದನ್ನು ಸರಿಮಾಡುವಾಗಲೇ ಸಡಿಲವಾದ ಚರ್ಮವನ್ನೂ ಕತ್ತರಿಸಿ ಹೊಲಿಯಬಹುದು ಅಂದರು. ಈಗ ಟಮ್ಮಿ ಟಕ್ ಅಂತಾರಲ್ಲ, ಹೆಚ್ಚುಕಡಿಮೆ ಅದೇ.

ಅಪಾಯಗಳನ್ನೂ ಮುಚ್ಚಿಡಲಿಲ್ಲ. ರಕ್ತ ಹೋಗಬಹುದು, ಗಾಯ ಕೀವಾಗಬಹುದು, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮಲಗೇ ಇರಬೇಡಿ, ಓಡಾಡಿ. ಒಂದು ಕಾಲು ಊದಿ ನೋವು ಬಂದರೆ ತಿಕ್ಕಬೇಡಿ, ತಕ್ಷಣ ಬನ್ನಿ ಅಂತ ಮತ್ತೆ ಮತ್ತೆ ಹೇಳಿದರು. ನಮ್ಮೆಜಮಾನರು ತಲೆಯಾಡಿಸಿದ್ದೇ ಆಡಿಸಿದ್ದು.

ಆಪರೇಷನ್ ಚೆನ್ನಾಗೇ ಆಯಿತು. ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ನೋಡಿಕೊಳ್ಳಲು ಪಣಕಹಳ್ಳಿಯಿಂದ ಅವ್ವ ಬಂದಳು... ಶುರುವಾಯಿತು ನೋಡಿ, ಮಗುವಿಲ್ಲದ ಬಾಣಂತನ!

ಹೊಟ್ಟೆ ಕೊಯ್ಸಿಕೊಂಡವಳು ಅವ್ವನ ಲೆಕ್ಕದಲ್ಲಿ ಬಾಣಂತಿಯೇ. ಡಾಕ್ಟರು ಕೊಟ್ಟ ಬೆಲ್ಟಿನ ಮೇಲೆ ಹಳೇ ಸೀರೆ ಬಿಗಿದು ಕಟ್ಟಿದಳು. ಕುಡಿಯುವ ನೀರಿಗೂ ಗುಟುಕಿನ ಲೆಕ್ಕ. ನಾನು ಎದ್ದರೆ ಸಾಕು, "ಮನಿಕೊ ಕಣವ್ವ, ಒಟ್ಟೆ ಕಿತ್ಕಂಡದು" ಅಂತ ಹೆದರಿ ಮಲಗಿಸುತ್ತಿದ್ದಳು.

ನನಗೂ ಹಿತವಾಗಿತ್ತು ಅನ್ನಿ. ಮದುವೆಯಾದ ಮೇಲೆ ಹಗಲು ಹೊತ್ತು ಮಲಗಿದ್ದು ಬಾಣಂತನದಲ್ಲಿ ಮಾತ್ರ.

ಒಂದು ಬೆಳಗ್ಗೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗಾಗಿತ್ತು. ಊತ, ಬಿಸಿ, ಮುಟ್ಟಿದರೆ ಪ್ರಾಣ ಹೋಗುವಂಥ ನೋವು.

ಅವ್ವ ವಾಯು ಅಂದಳು. ಹರಳೆಣ್ಣೆ ಬಿಸಿ ಮಾಡಿ ತಂದು, ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಾಳೆ...

ಡಾಕ್ಟರ ಮಾತು ನೆನಪಾಯಿತು. ಕಾಲು ಎಳೆದುಕೊಂಡೆ. "ತಿಕ್ಕಬ್ಯಾಡ ಕಣವ್ವ."

ಅವ್ವನ ಮುಖ ಸಪ್ಪಗಾಯಿತು. "ನಿನ್ನ ಎಲ್ಲಾ ಬಾಣಂತನಾನೂ ಮಾಡಿದ ಕೈ ಕಣ ಇದು" ಅಂದಳು. ಅವಳಿಗೆ ಕೋಪ ಬಂದಿದ್ದರೆ ನಾನೂ ಜಗಳವಾಡಬಹುದಿತ್ತು. ಅವಳಿಗೆ ಬಂದಿದ್ದು ಅಳು.

ಆದರೂ ಕಾಲು ಕೊಡಲಿಲ್ಲ. ಯಜಮಾನರು ದೊಡ್ಡಗಾಜನೂರಿನಿಂದ ಒಂದು ಜೀಪು ಹಿಡಿದು ತಂದರು. ಅವ್ವ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿ ಕೂತಳು.

ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಡಾಕ್ಟರು. ತಿಕ್ಕಿದ್ದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವವೇ ಹೋಗಬಹುದಿತ್ತಂತೆ. ಬಾಗಿಲಲ್ಲಿ ನಿಂತಿದ್ದ ಅವ್ವ ಎಲ್ಲ ಕೇಳಿಸಿಕೊಂಡಳು.

ರಕ್ತ ತೆಳುವಾಗಿಸುವ ಇಂಜೆಕ್ಷನ್ನು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ... ಉಳಿದುಕೊಂಡೆ.

ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಅವ್ವ ನನ್ನ ಮೈ ಮುಟ್ಟಲಿಲ್ಲ. ತಲೆ ಬಾಚು ಅಂದರೆ ಬಾಚಣಿಗೆಯನ್ನು ನರ್ಸ್ ಕೈಗೆ ಕೊಡುತ್ತಿದ್ದಳು.

ಮನೆಗೆ ಹೊರಡುವ ದಿನ ಕೇಳಿಯೇಬಿಟ್ಟಳು. "ಅವತ್ತು ನಾ ತಿಕ್ಬುಟ್ಟಿದ್ರೆ ನೀ ಉಳೀತಿದ್ಯಾ?"

ಅವಳ ಎರಡೂ ಕೈ ಹಿಡಿದುಕೊಂಡೆ. "ನೀ ತಿಕ್ನಿಲ್ವಲ್ಲವ್ವ" ಅಂದೆ.

ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?