ಚಪ್ಪರದ ಕೆಳಗೆ ಹೇಳಿದ್ದು

ಆ ಭಾನುವಾರ ನಾನು ಊರಿಗೆ ಹೋದಾಗ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಏನೂ ತಿನ್ನದೆ ತಲೆ ಎತ್ತಿಕೊಂಡು ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಕೊನೆಯಿಲ್ಲ. ಹುಳುಮನೆಯ ಬಾಗಿಲ ಬಳಿ ನಿಂತರೆ ಒಳಗೆ ಸಣ್ಣ ಮಳೆ ಹಿಡಿದಂತೆ ಸೊಪ್ಪು ತಿನ್ನುವ ಸದ್ದು ಕೇಳುತ್ತದೆ.

ನಮ್ಮೂರು ಕೈಲಾಂಚ ಹೋಬಳಿಯಲ್ಲಿದೆ. ಹಿಪ್ಪುನೇರಳೆ ತೋಟದ ತುದಿಯಲ್ಲಿ ಹುಳುಮನೆ, ಅದರ ಮುಂದೆ ಸೊಪ್ಪು ರಾಶಿ ಹಾಕಲು ಒಂದು ಚಪ್ಪರ. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅಣ್ಣ. ಅವನಿಗೆ ಮದುವೆಯಾಗಿರಲಿಲ್ಲ, ಅವ್ವನ ಜೊತೆ ಇದ್ದ. ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲೇ ಬಾಡಿಗೆ ಮನೆ.

ಒಂದೂವರೆ ವರ್ಷದ ಹಿಂದೆ ಆಳು ಸಿಗದೆ ಅಣ್ಣ ಬಂಗಾಳದ ಮಾಲ್ದಾ ಕಡೆಯ ಒಬ್ಬನನ್ನು ಕರೆತಂದಿದ್ದ. ಅವರ ಊರಿನಲ್ಲೂ ರೇಷ್ಮೆ ಸಾಕುತ್ತಾರೆ. ಹುಳುವಿಗೆ ಅವನು ಪೊಲು ಎನ್ನುತ್ತಿದ್ದ, ಅಣ್ಣನನ್ನು ದಾದಾ ಎನ್ನುತ್ತಿದ್ದ. ದಾದಾ ಎಂದರೆ ಅವರಲ್ಲಿ ಅಣ್ಣ. ಕೆಲಸ ಚೆನ್ನಾಗಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅಣ್ಣನಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಾನೇ ಅಣ್ಣನ ಫೋನಿಗೆ ಭಾಷಾಂತರ ಮಾಡುವ ಆ್ಯಪ್ ಹಾಕಿಕೊಟ್ಟೆ. ಒತ್ತಿ ಒಂದು ಮಾತು ಹೇಳಬೇಕು, ಸುಮ್ಮನಾಗಬೇಕು. ಫೋನು ಅದನ್ನೇ ಬಂಗಾಳಿಯಲ್ಲಿ, ಹೆಣ್ಣಿನ ದನಿಯಲ್ಲಿ ಹೇಳುತ್ತದೆ. ಅವನು ತಲೆಯಾಡಿಸುತ್ತಾನೆ. ಆಮೇಲೆ ಮುಂದಿನ ಮಾತು.

ಮೊದಮೊದಲು ಅಣ್ಣ ನಿಲ್ಲಿಸದೆ ಮಾತಾಡಿ ಫೋನಿಗೆ ಬೈಯುತ್ತಿದ್ದ. ಆಮೇಲೆ ನಿಲ್ಲಿಸುವುದನ್ನು ಎಷ್ಟು ಕಲಿತನೆಂದರೆ ನಮ್ಮ ಜೊತೆಗೂ ಹಾಗೇ ಮಾತಾಡತೊಡಗಿದ. ಒಂದು ಮಾತು ಹೇಳಿ ಸುಮ್ಮನೆ ಮುಖ ನೋಡುವುದು. ಅವ್ವ ರೇಗುತ್ತಿದ್ದಳು.

"ನನ್ ಮುಂದೆ ಯಾಕ್ಲಾ ನಿಂತ್ ನಿಂತ್ ಮಾತಾಡೀಯೆ? ನಂಗೂ ಅವ್ಳೇ ಬಂದು ಏಳ್ಬೇಕಾ? ಮನೆಗೊಬ್ಳು ಸೊಸೆ ತರ್ನಿಲ್ಲ, ಜೇಬಲ್ಲೊಬ್ಳ ಮಡೀಕಂಡವ್ನೆ."

ಆ ಭಾನುವಾರ ಅಣ್ಣ ಫೋನನ್ನು ನನ್ನ ಕೈಗೆ ಕೊಟ್ಟ. "ಇವಳ ಗಂಟ್ಲು ಕಟ್ಕಂಡೈತೆ ಕಣ್ಲಾ. ನಾನ್ ಏಳಿದ್ನ ಕೇಳುಸ್ಕತಳೆ, ಬಾಯಿ ಬುಡಲ್ಲ."

"ನಿನ್ ಬೈಗ್ಳ ಕೇಳೀ ಕೇಳೀ ಮೂಗಿ ಆಗವ್ಳೆ ಬುಡಣ್ಣ" ಎಂದೆ.

ಹುಳು ಜ್ವರಕ್ಕೆ ಕೂತಾಗ ಅದರ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಆ ಪುಡಿ ಫೋನಿನ ಸ್ಪೀಕರಿನ ತೂತುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ರಾಮನಗರಕ್ಕೆ ಹೋಗಿ ಸರಿಮಾಡಿಸಿ ಸಂಜೆಯೊಳಗೆ ತಂದುಕೊಡುತ್ತೇನೆ ಎಂದೆ. ಅಣ್ಣ ಫೋನನ್ನು ವಾಪಸ್ಸು ತೆಗೆದುಕೊಂಡು, ಆಳಿನ ಮುಂದೆ ಹಿಡಿದು ಏನೋ ಹೇಳಿದ. ದನಿ ಬರಲಿಲ್ಲ. ಆಳು ಪರದೆಯ ಮೇಲೆ ಬಂದ ಅಕ್ಷರ ಓದಿ ನಕ್ಕ.

ರಾಮನಗರದ ಬಸ್ ನಿಲ್ದಾಣದ ಹತ್ತಿರದ ಅಂಗಡಿಯವನು ಫೋನು ಬಿಚ್ಚಿ ನೋಡಿ ತಲೆ ಚಚ್ಚಿಕೊಂಡ. "ಏನ್ ಸಾರ್, ಇಷ್ಟೊಂದು ಸುಣ್ಣ ತಿನ್ಸಿದೀರ. ಎಲೆ ಅಡಿಕೆ ಒಂದು ಬಾಕಿ." ಆದರೂ ಕತ್ತಲಾಗುವ ಮುಂಚೆ ಸರಿಮಾಡಿಕೊಟ್ಟ. ಅಲ್ಲಿಂದ ಒಂದು ಕಡೆಗೆ ಊರು, ಇನ್ನೊಂದು ಕಡೆಗೆ ಬಿಡದಿ. ಮರುದಿನ ಬೆಳಗಿನ ಪಾಳಿ ಇತ್ತು. ಒಂದು ದಿನಕ್ಕೇನು, ನಾಳೆ ಕೊಟ್ಟರಾಯಿತು ಎಂದುಕೊಂಡು ಗಾಡಿಯನ್ನು ಬಿಡದಿಯ ಕಡೆ ತಿರುಗಿಸಿದೆ.

ಸೋಮವಾರ ಬೆಳಿಗ್ಗೆ ಅಣ್ಣ ತೀರಿಕೊಂಡ. ಸೊಪ್ಪು ತಂದು ಹಾಕಿ, ಚಪ್ಪರದ ಕೆಳಗೆ ರಾಶಿಯ ಮೇಲೆ ಕೂತವನು ಏಳಲಿಲ್ಲ. ಎದೆಬಡಿತ ನಿಂತಿತ್ತು ಎಂದು ಆಮೇಲೆ ಹೇಳಿದರು. ಆಳು ಓಡಿಹೋಗಿ ಅವ್ವನ ಕೈ ಹಿಡಿದು ಎಳೆದುಕೊಂಡು ಬಂದನಂತೆ. ಕಾರ್ಖಾನೆಯಲ್ಲಿ ಫೋನುಗಳನ್ನು ಲಾಕರಿನಲ್ಲಿ ಇಡಬೇಕು. ನನ್ನ ಲಾಕರಿನಲ್ಲಿ ಎರಡು ಫೋನುಗಳಿದ್ದವು. ಒಂದು ಹೊಡೆದುಕೊಂಡಿತ್ತು. ಇನ್ನೊಂದು ಸುಮ್ಮನಿತ್ತು.

ಮಣ್ಣು ಮಾಡಿ ಬಂದ ದಿನವೇ ಹುಳುವಿನ ಮಾತು ಬಂತು. ನಮ್ಮಲ್ಲಿ ಸೂತಕದವರು ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ಸುತ್ತಮುತ್ತ ಇರುವವರೆಲ್ಲ ದಾಯಾದಿಗಳೇ, ಎಲ್ಲರಿಗೂ ಹನ್ನೊಂದು ದಿನದ ಸೂತಕ. ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೂ ನಾಲ್ಕೈದು ದಿನ ಬೇಕಿತ್ತು. ನಾನು ಒಳಗೆ ಹೋಗಿ ನೋಡುತ್ತೇನೆ ಎಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ನಿನ್ ಗಾಳಿ ಬಡುದ್ರೂ ಕೊರ್ಗಿ ಒಯ್ತವೆ. ನಿಮ್ಮಣ್ಣ ಇದ್ದಿದ್ರೂ ಇದ್ನೇ ಏಳೋನು. ಆ ಉಡ್ಗನ್ನ ಬುಡು, ಅವನು ನಮ್ಮೋನಲ್ಲ. ಅವನಿಗೆ ಸೂತ್ಕ ಇಲ್ಲ."

ಹಾಗಾಗಿ ಇಡೀ ಹುಳುಮನೆ ಅವನೊಬ್ಬನ ಕೈಗೆ ಬಂತು. ನಾನು ಅಣ್ಣನ ಫೋನನ್ನು ಹೊಸ್ತಿಲ ಹೊರಗೆ ಇಟ್ಟು ಹಿಂದೆ ಸರಿದೆ. ಅವನು ಬಗ್ಗಿ ಎತ್ತಿಕೊಂಡ.

ದಿನವೆಲ್ಲ ನಾನು ಚಪ್ಪರದ ಕೆಳಗೆ ಕೂತಿರುತ್ತಿದ್ದೆ. ಒಳಗಿನದು ಕಾಣುತ್ತಿರಲಿಲ್ಲ, ಬಾಗಿಲಿಗೂ ಕಿಟಕಿಗೂ ನೊಣದ ಬಲೆ, ಅದರ ಮೇಲೆ ಗೋಣಿ ಪರದೆ ಇತ್ತು. ಕೇಳುತ್ತಿತ್ತು. ಹುಳುಮನೆಯ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಇರುತ್ತದೆ, ಅದನ್ನು ಹೊರಗೆ ತರುವಂತಿಲ್ಲ. ಅಲ್ಲಿದ್ದದ್ದು ಅಣ್ಣನ ಹವಾಯಿ ಚಪ್ಪಲಿ, ಈಗ ಆಳು ಅದನ್ನೇ ಹಾಕಿಕೊಳ್ಳುತ್ತಿದ್ದ. ಎಡಗಾಲಿನದು ಸವೆದು ಹಿಮ್ಮಡಿಗೆ ಪಟ್ ಎಂದು ಬಡಿಯುತ್ತಿತ್ತು. ಸಾಲಿನಿಂದ ಸಾಲಿಗೆ ಆ ಸದ್ದು ಹೋಗುತ್ತಿತ್ತು, ನಿಲ್ಲುತ್ತಿತ್ತು, ವಾಪಸ್ಸು ಬರುತ್ತಿತ್ತು. ಕಣ್ಣು ಮುಚ್ಚಿದರೆ ಏನೂ ಆಗಿಲ್ಲವೆನಿಸುತ್ತಿತ್ತು. ತೆರೆದರೂ ಅಷ್ಟೇ. ಬಾಗಿಲು, ಪರದೆ, ಒಳಗೆ ಅಣ್ಣನ ನಡಿಗೆ.

ಆಮೇಲೆ ಅವಳ ದನಿ. ದಿನಾ ಬೇಕಾಗುವ ಮಾತುಗಳನ್ನು ಅಣ್ಣ ಆ್ಯಪಿನಲ್ಲಿ ನಕ್ಷತ್ರ ಒತ್ತಿ ಉಳಿಸಿಕೊಂಡಿದ್ದ. ಒತ್ತಿದರೆ ಸಾಕು, ಅವು ಬಂಗಾಳಿಯಲ್ಲಿ ನುಡಿಯುತ್ತಿದ್ದವು. ಪರದೆ ಎತ್ತು. ಸೊಪ್ಪು ಒದ್ದೆ ಇದ್ದರೆ ಹಾಕಬೇಡ. ಮೂಲೆಯ ಸಾಲು ಮರೆಯಬೇಡ. ಆಳು ಪ್ರತಿ ಹೊತ್ತಿಗೂ ಅವನ್ನು ಒತ್ತುತ್ತಿದ್ದ. ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ, ಆದರೆ ಎರಡೇ ದಿನದಲ್ಲಿ ಯಾವ ಸದ್ದಿನ ನಂತರ ಏನು ನಡೆಯುತ್ತದೆಂದು ಗೊತ್ತಾಗಿಹೋಯಿತು. ಅವಳು ಹೇಳುತ್ತಿದ್ದಳು, ಪರದೆ ಮೇಲೇಳುತ್ತಿತ್ತು. ಅಣ್ಣನ ಮಾತು, ಅಣ್ಣನ ಚಪ್ಪಲಿ, ಅಣ್ಣನ ಕೆಲಸ. ಅಣ್ಣ ಮಾತ್ರ ಇರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅವಳು ಒಂದು ಉದ್ದನೆಯ ಮಾತು ಹೇಳುತ್ತಿದ್ದಳು. ಕೂಡಲೇ ಆಳು ಚಪ್ಪಲಿ ಬಿಟ್ಟು, ಫೋನನ್ನು ಒಳಗೇ ಇಟ್ಟು ಊಟಕ್ಕೆ ಹೋಗುತ್ತಿದ್ದ. ಮೂರನೇ ದಿನ ಅವನು ಫೋನು ಹಿಡಿದು ಹೊಸ್ತಿಲಿಗೆ ಬಂದಾಗ ಅದೇನು ಮಾತೆಂದು ಕೇಳಿದೆ. ಅವನು ಫೋನಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಕೆಳಗೆ ಬಂಗಾಳಿ, ಮೇಲೆ ಕನ್ನಡ: ನೀನು ಉಂಡು ಬಾ, ನಾನು ನೋಡಿಕೊಂಡಿರುತ್ತೇನೆ.

ಊಟದ ಹೊತ್ತು ನಿನಗೇ ಗೊತ್ತಲ್ಲ, ಅದನ್ನೇಕೆ ಒತ್ತುತ್ತೀಯ ಎಂದು ಫೋನಿಗೆ ಹೇಳಿದೆ. ಅವನ ಉತ್ತರವನ್ನು ಅವಳು ಪುಸ್ತಕ ಓದಿದಂತೆ ಕನ್ನಡದಲ್ಲಿ ಹೇಳಿದಳು. "ಹೇಳಿಸಿಕೊಳ್ಳದೆ ಹೇಗೆ ಹೋಗುವುದು? ಒಳಗೆ ಯಾರಾದರೂ ಇರಬೇಕು."

ಅವನು ಉಣ್ಣಲು ಹೋದ. ನಡು ಮಧ್ಯಾಹ್ನ, ಸುತ್ತ ಬಿಸಿಲು, ಒಳಗೆ ಸಾವಿರಾರು ಬಾಯಿಗಳು ಸೊಪ್ಪು ಕಡಿಯುವ ಸದ್ದು. ಹುಳುಮನೆಯಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಾನು ಬಾಗಿಲ ಕಡೆ ಬೆನ್ನು ಹಾಕಿ ಕೂರಲಿಲ್ಲ.

ಅವನು ಬಂದ ಮೇಲೆ, ಮೂರು ದಿನದಿಂದ ತಡೆದುಕೊಂಡಿದ್ದನ್ನು ಕೇಳಿದೆ. ಸೋಮವಾರ ಬೆಳಿಗ್ಗೆ ಏನಾಯಿತು?

ಅವನು ಬಾಗಿಲ ಪರದೆಯ ಆಚೆ ನಿಂತು ಹೇಳಿದ್ದನ್ನು ಅವಳು ಒಂದೊಂದಾಗಿ ನನಗೆ ಹೇಳಿದಳು. "ಅವರು ಎಲೆಯ ರಾಶಿಯ ಮೇಲೆ ಕುಳಿತರು. ಬೆವರುತ್ತಿದ್ದರು. ಬಿಸಿಲು ಎಂದುಕೊಂಡೆ. ಅವರು ನನ್ನೊಂದಿಗೆ ಮಾತನಾಡಿದರು."

"ಏನಂದ?"

"ತಿಳಿಯದು. ಒಂದು ಸಾಲಿಗೆ ಎಲೆ ಹಾಕುವಷ್ಟು ಹೊತ್ತು ಮಾತನಾಡಿದರು. ಒಂದು ಮಾತು ಹೇಳುವುದು, ನಿಲ್ಲುವುದು. ಮತ್ತೆ ಒಂದು ಮಾತು, ನಿಲ್ಲುವುದು. ಯಾವಾಗಲೂ ಮಾಡುವ ಹಾಗೆ."

ಫೋನು ಅಲ್ಲಿರಲಿಲ್ಲ. ಆದರೂ ಅಣ್ಣ ಪ್ರತಿ ಮಾತಿಗೂ ಅವಳಿಗಾಗಿ ಕಾದಿದ್ದ.

ಆಳು ಫೋನನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದನ್ನೂ ಅವಳು ಎಂದಿನ ದನಿಯಲ್ಲೇ ಹೇಳಿದಳು. "ಅವರು ನಿಂತಾಗಲೆಲ್ಲ ನಾನು ತಲೆಯಾಡಿಸಿದೆ. ಹೌದು ಎಂದೆ. ಅಭ್ಯಾಸ. ಕೊನೆಯ ಮಾತಿಗೂ ಹೌದು ಎಂದೆ. ಅವರು ನನ್ನ ಕೈ ಒತ್ತಿದರು. ನಾನು ಯಾವುದಕ್ಕೆ ಒಪ್ಪಿಕೊಂಡೆ ಎಂದು ನನಗೆ ತಿಳಿಯದು."

ಹುಳು ಹಣ್ಣಾದವು. ಅವನೊಬ್ಬನೇ ಎಲ್ಲವನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟ. ಗೂಡು ಕಟ್ಟಿದ ಮೇಲೆ ತಿನ್ನುವ ಸದ್ದು ನಿಂತುಹೋಯಿತು. ಒಂಬತ್ತನೇ ದಿನದ ಹೊತ್ತಿಗೆ ಹುಳುಮನೆಯಿಂದ ಚಪ್ಪಲಿಯ ಸದ್ದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ.

ರಾತ್ರಿ ಅವನು ಫೋನನ್ನು ಹೊಸ್ತಿಲಲ್ಲಿ ಚಾರ್ಜಿಗೆಂದು ಇಡುತ್ತಿದ್ದ. ಒಂದು ದಿನ ಮನೆಗೆ ತಂದು ಆ್ಯಪಿನ ಹಳೆಯ ಮಾತುಗಳನ್ನೆಲ್ಲ ಓದಿದೆ. ಒಂದೂವರೆ ವರ್ಷ ಅಣ್ಣ ಆಡಿದ್ದು ಅಲ್ಲಿತ್ತು, ಬರೀ ಅಕ್ಷರದಲ್ಲಿ. ನಿಮ್ಮ ಅಮ್ಮನ ಕಾಲು ನೋವು ಹೇಗಿದೆ. ನಿನ್ನ ಮಗಳು ಶಾಲೆಗೆ ಸೇರಿದಳಾ. ನನ್ನ ತಮ್ಮ ಒಳ್ಳೆಯವನು, ಮರೆವು ಜಾಸ್ತಿ. ನನ್ನ ಹತ್ತಿರ ಅಣ್ಣ ಇಷ್ಟು ಮಾತಾಡಿದ್ದು ನೆನಪಿಲ್ಲ. ಕೊನೆಯದು ಭಾನುವಾರದ್ದು: ಫೋನು ನನ್ನ ತಮ್ಮ ತಗೊಂಡು ಹೋಗ್ತಾನೆ, ಸಂಜೆ ತರ್ತಾನೆ, ಅಲ್ಲಿವರೆಗೆ ನಾವಿಬ್ಬರೂ ಮೂಗರು. ಆಳು ಓದಿ ನಕ್ಕದ್ದು ಇದನ್ನೇ.

ಹನ್ನೊಂದು ಕಳೆದು, ಮನೆ ತೊಳೆದು ಶುದ್ಧವಾದ ಮಾರನೇ ದಿನ ನಾನು ಹುಳುಮನೆಯ ಒಳಗೆ ಹೋದೆ. ಬಾಗಿಲಲ್ಲಿ ಆಳು ಅಣ್ಣನ ಚಪ್ಪಲಿ ಬಿಟ್ಟು ನನ್ನ ಕಡೆ ಸರಿಸಿದ. ಇನ್ನೂ ಬೆಚ್ಚಗಿದ್ದವು. ಹಾಕಿಕೊಂಡು ಎರಡು ಹೆಜ್ಜೆ ಇಟ್ಟೆ. ಎಡಗಾಲಿನದು ಪಟ್ ಎಂದಿತು. ಬಿಟ್ಟು ಬರಿಗಾಲಲ್ಲಿ ನಿಂತೆ.

ನಾನು ಮಾತಾಡಿದರೆ ಅಣ್ಣನೇ ಮಾತಾಡಿದಂತೆ ಎಂದು ಎಲ್ಲರೂ ಹೇಳುತ್ತಾರೆ. ಫೋನಿನಲ್ಲಿ ಅವ್ವನೇ ಎಷ್ಟೋ ಸಲ ಮೋಸಹೋಗಿದ್ದಾಳೆ. ಆಳಿಗೂ ಅದು ಹೊಳೆದಿತ್ತು. ಅವತ್ತು ಅವನು ನನ್ನನ್ನು ಚಪ್ಪರದ ಕೆಳಗೆ ಸೊಪ್ಪಿನ ರಾಶಿಯ ಜಾಗದಲ್ಲಿ ಕೂರಿಸಿ, ತಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ದಾದಾ ಏನೆಲ್ಲ ಹೇಳಿರಬಹುದೋ ಅದನ್ನು ಹೇಳಿ, ಕೇಳಿದರೆ ಗುರುತು ಸಿಗಬಹುದು, ಎಂದು ಫೋನಿನಲ್ಲಿ ಹೇಳಿಸಿದ.

"ಎದೆ ನೋಯ್ತೈತೆ ಕಣಪ್ಪ" ಎಂದೆ.

ಅವನು ಕಣ್ಣು ತೆರೆಯಲಿಲ್ಲ. ಮೊದಲಿಗೆ ಇದು ಇದ್ದಿರಬಹುದು ಎಂದು ಫೋನಿನಲ್ಲಿ ಹೇಳಿಸಿದ. ಆಮೇಲಿನದು ಉದ್ದ ಎಂದು ಹೇಳಿಸಿ ಫೋನನ್ನು ಕೆಳಗಿಟ್ಟ.

"ಅವ್ವನ್ನ ನೋಡ್ಕಳಪ್ಪ."

ತಲೆ ಅಡ್ಡಡ್ಡ ಆಡಿಸಿದ.

"ಉಳ ಬುಟ್ಟು ಓಗ್ಬೇಡ." ಅಲ್ಲ. "ನೀನು ನಿಮ್ಮೂರ್ಗೆ ಓಗ್ಬುಡು." ಅಲ್ಲ. "ಒಸಿ ನೀರ್ ಕೊಡು." ನೀರು ಎಂಬ ಮಾತು ಅವನಿಗೆ ಗೊತ್ತು, ಅದಲ್ಲ. ಒಂದೊಂದು ಹೇಳಿ ನಾನು ನಿಲ್ಲುತ್ತಿದ್ದೆ. ಫೋನು ನೆಲದ ಮೇಲೆ ಕವುಚಿಕೊಂಡು ಬಿದ್ದಿತ್ತು. ನಾನು ಅವಳಿಗಾಗಿ ಕಾಯುತ್ತಿದ್ದೇನೆಂದು ನಾಲ್ಕೈದು ಮಾತಾದ ಮೇಲೆ ತಿಳಿಯಿತು. ಅಣ್ಣ ಕೂತಿದ್ದಲ್ಲೇ ಕೂತು, ಅಣ್ಣನ ದನಿಯಲ್ಲಿ, ಅಣ್ಣನಂತೆಯೇ ನಿಂತು ನಿಂತು ಮಾತಾಡುತ್ತಿದ್ದೆ. ಅವನ ತೋಳಿನ ರೋಮಗಳು ಎದ್ದು ನಿಂತಿದ್ದವು.

ಹೆದರಿಕೆಯಿಂದ ಕೊನೆಗಿಟ್ಟುಕೊಂಡಿದ್ದನ್ನು ಹೇಳಿದೆ. "ನನ್ ತಮ್ಮಂಗೆ ಏಳು."

ಅವನು ಕಣ್ಣು ತೆರೆದು ಫೋನು ಎತ್ತಿಕೊಂಡ. "ದನಿ ಅದೇ" ಎಂದಳು ಅವಳು. "ಮಾತು ಅದಲ್ಲ."

ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಅವನು ತನ್ನ ಊರಿಗೆ ಹೊರಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಹೋಗಲಿಲ್ಲ. ನಿನ್ನ ಮೇಲೆ ಯಾವ ಭಾರವೂ ಇಲ್ಲ, ಹೋಗಿ ಮಗಳನ್ನು ನೋಡಿಕೊಂಡು ಬಾ ಎಂದು ನಾನೇ ಫೋನಿಗೆ ಹೇಳಿದೆ. "ನಾನು ಹೌದು ಎಂದಿದ್ದೇನೆ" ಎಂಬ ಉತ್ತರ ಬಂತು.

ಈಗ ಎರಡು ಬೆಳೆ ಆಗಿವೆ. ಅಣ್ಣ ಒಬ್ಬ ಮನುಷ್ಯನಿಗೆ ಏನೇನು ಹೇಳಿರಬಹುದೋ ಅಷ್ಟನ್ನೂ ಅವನು ಮಾಡುತ್ತಾನೆ. ಬೆಳಿಗ್ಗೆ ಅವ್ವನಿಗೆ ಬಿಪಿ ಮಾತ್ರೆ ಕೊಡುತ್ತಾನೆ. ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತಾನೆ. ಅಣ್ಣ ಅರ್ಧಕ್ಕೆ ನಿಲ್ಲಿಸಿದ್ದ ಬೇಲಿಯನ್ನು ಕಟ್ಟಿ ಮುಗಿಸಿದ. ಮಣ್ಣು ಮಾಡಿದ ಜಾಗದ ಮೇಲಿನ ಹುಲ್ಲು ಕೀಳುತ್ತಾನೆ. "ನಾನೊಂದೂ ಏಳಿಲ್ವಲ್ಲ ಮಗ, ಯಾಕ್ ಇಂಗ್ ದುಡುದು ಸಾಯ್ತಿಯೇ" ಎಂದು ಅವ್ವ ಗೊಣಗಿದರೆ ತಲೆಯಾಡಿಸುತ್ತಾನೆ. ಮಧ್ಯಾಹ್ನ ಒಂದು ಗಂಟೆಗೆ ಒತ್ತುವುದನ್ನು ಒತ್ತಿ ಊಟಕ್ಕೆ ಬರುತ್ತಾನೆ.

ಪ್ರತಿ ಭಾನುವಾರ ನಾನು ಊರಿಗೆ ಹೋಗುತ್ತೇನೆ. ವಾರದಲ್ಲಿ ಹೊಳೆದ ಒಂದೆರಡು ಮಾತುಗಳನ್ನು ಚಪ್ಪರದ ಕೆಳಗೆ ಕೂತು ಅವನಿಗೆ ಹೇಳುತ್ತೇನೆ. ಅವನು ಕಣ್ಣು ಮುಚ್ಚಿ ಕೇಳಿ, ಅಲ್ಲ ಎನ್ನುತ್ತಾನೆ. ಆ ಸೋಮವಾರ ಅಣ್ಣ ಹೇಳಿದ್ದು ಏನೆಂದು ನಮಗೆ ಇನ್ನೂ ಗೊತ್ತಿಲ್ಲ.